ಹವಾ ಕಡೆಯ ಕಿಟಕಿ

ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೆ ನಿಮಗೇ ಕ್ಷೇಮ. ನನ್ನ ಮಾತನ್ನು ಪೂರ್ತಿ ನಂಬಿದವರೊಬ್ಬರ ಗತಿ ಏನಾಯಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ. ಹೋದ ವಾರ ಮಂಗಳವಾರ ಬೆಳಿಗ್ಗೆ, ಠಾಣೆಯ ಕಾಲೇಜಿಗೆ ಹೋಗಬೇಕಾದ ನಾನು ಡೊಂಬಿವಲಿ ಸ್ಟೇಷನ್ನಿನಲ್ಲಿ ಅದರ ಉಲ್ಟಾ ದಿಕ್ಕಿಗೆ ಹೋಗುವ ಕಲ್ಯಾಣದ ಲೋಕಲ್ ಹತ್ತಿ ಕೂತೆ. ನಿದ್ದೆಗಣ್ಣಿನಲ್ಲಲ್ಲ. ಪೂರ್ತಿ ಎಚ್ಚರದಲ್ಲಿ, ಬೇಕೆಂದೇ, ಪಾಸನ್ನೂ ಕಲ್ಯಾಣದಿಂದಲೇ ಮಾಡಿಸಿಕೊಂಡು.

ನಮ್ಮ ಲೋಕಲ್ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಿಗ್ಗೆ ಎಂಟರ ಹೊತ್ತಿಗೆ ಮುಂಬಯಿ ಕಡೆಗೆ ಹೋಗುವ ಗಾಡಿಯ ಹೆಂಗಸರ ಡಬ್ಬಿಯಲ್ಲಿ ಡೊಂಬಿವಲಿಯವರಿಗೆ ಕೂರಲು ಜಾಗ ಸಿಗುವುದಿಲ್ಲ. ನಿಲ್ಲಲು ಸಿಕ್ಕರೂ ಎರಡು ಕಾಲಿಗೆ ಒಟ್ಟಿಗೆ ಸಿಗುವುದಿಲ್ಲ. ಕಾಲೇಜಿನ ಮೊದಲ ತಿಂಗಳು ನಾನು ಠಾಣೆಯವರೆಗೆ ಒಂದೇ ಕಾಲಿನಲ್ಲಿ ಹೋಗಿದ್ದೇನೆ. ಇನ್ನೊಂದು ಕಾಲು ಯಾರದೋ ಡಬ್ಬದ ಚೀಲದ ಮೇಲೆ ಗಾಳಿಯಲ್ಲಿರುತ್ತಿತ್ತು. ಒಂದು ದಿನವಂತೂ ನಾನು ಠಾಣೆಯಲ್ಲಿ ಇಳಿದು ಎರಡು ನಿಮಿಷದ ಮೇಲೆ ನನ್ನ ಜಡೆ ಇಳಿಯಿತು.

ನನ್ನ ಈ ಅವಸ್ಥೆ ನೋಡಿ ಕರುಣೆ ತೋರಿದವರು ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯ ಶೈಲಾ ಆಂಟಿ. ಇಪ್ಪತ್ತು ವರ್ಷದಿಂದ ಮುಂಬಯಿಯ ಆಫೀಸಿಗೆ ಹೋಗಿಬರುವ ಹೆಂಗಸು. ಅವರಂಥ ಹಳಬರು ಡೊಂಬಿವಲಿಯಲ್ಲಿ ಮುಂಬಯಿ ಗಾಡಿ ಹತ್ತುವುದೇ ಇಲ್ಲ. ಎದುರು ದಿಕ್ಕಿನಲ್ಲಿ ಬರುವ ಕಲ್ಯಾಣ ಗಾಡಿ ಬೆಳಿಗ್ಗೆ ಬಣಬಣ ಎನ್ನುತ್ತಿರುತ್ತದೆ. ಅದನ್ನು ಹತ್ತಿ ಬೇಕಾದ ಸೀಟು ಹಿಡಿಯುವುದು, ಕಲ್ಯಾಣದಲ್ಲಿ ಇಳಿಯದೆ ಕೂತೇ ಇರುವುದು. ಅದೇ ಗಾಡಿ ಅಲ್ಲಿಂದ ಮುಂಬಯಿಗೆ ತಿರುಗಿ ಹೊರಡುತ್ತದೆ. ವಾಪಸು ಡೊಂಬಿವಲಿಗೆ ಬಂದಾಗ ನಮ್ಮ ಊರಿನ ಹೆಂಗಸರು ಬಾಗಿಲಿಗೆ ಜೋತುಬಿದ್ದು ಒಳಗೆ ನುಗ್ಗುತ್ತಿದ್ದರೆ, ನೀವು ಮಹಾರಾಣಿಯ ಹಾಗೆ ಕೂತು ಅವರನ್ನು ನೋಡಬಹುದು. ಇಪ್ಪತ್ತೈದು ನಿಮಿಷದ ದಾರಿ ಕೂತು ಹೋಗುವುದಕ್ಕೆ ಅರ್ಧ ಗಂಟೆ ಉಲ್ಟಾ ತಿರುಗುವುದು ಯಾವ ಲೆಕ್ಕ ಎಂದು ಕೇಳಬೇಡಿ. ಒಂದು ತಿಂಗಳು ಒಂಟಿಕಾಲಿನಲ್ಲಿ ನಿಂತವರಿಗೆ ಅದು ಸರಿಯಾದ ಲೆಕ್ಕ.

ಅಂತೂ ಗಾಡಿ ಬಂತು, ಹತ್ತಿದೆವು. ಡಬ್ಬಿ ಖಾಲಿ. ನಾನು ಓಡಿಹೋಗಿ ಕಿಟಕಿಯ ಪಕ್ಕ, ಗಾಡಿ ಹೋಗುವ ಕಡೆಗೆ ಮುಖ ಮಾಡಿ, ಗಾಳಿ ಬರುವ ಸೀಟು ಹಿಡಿದೆ. ಶೈಲಾ ಆಂಟಿ ಹಣೆ ಚಚ್ಚಿಕೊಂಡರು.

"ಅರೇ ಬಾಬಾ, ಅಲ್ಲಿ ಯಾಕೆ ಕೂತೆ? ಏಳು, ಏಳು. ಎದುರು ಸೀಟಿಗೆ ಬಾ."

"ಇಲ್ಲಿ ಗಾಳಿ ಬರ್ತದಲ್ಲ ಆಂಟಿ?"

"ಈಗ ಬರ್ತದೆ. ಎಂಟು ನಿಮಿಷ. ಆಮೇಲೆ ಗಾಡಿ ತಿರುಗಿದ ಮೇಲೆ? ಠಾಣೆವರೆಗೂ ಬೆನ್ನಿಗೆ ಬಡೀತದೆ ನಿನಗೆ ಗಾಳಿ. ವಾಪಸ್ ಹೋಗೋರು ಕಲ್ಯಾಣಕ್ಕೆ ಬೆನ್ನು ಹಾಕೇ ಕೂರಬೇಕು. ಹವಾ ಸೈಡ್ ಅಂದ್ರೆ ಅದು. ಇಷ್ಟೂ ಗೊತ್ತಿಲ್ಲ, ಹನ್ನೊಂದನೇ ಕ್ಲಾಸಂತೆ!"

ನಾನು ಎದ್ದು ಎದುರು ಸೀಟಿಗೆ ಬಂದು ಕೂತೆ. ಗಾಡಿ ಹೊರಟಿತು. ಪ್ಲಾಟ್‌ಫಾರ್ಮು ನನ್ನ ಕಣ್ಣೆದುರಿನಿಂದಲೇ ಹಿಂದೆ ಹಿಂದೆ ಸರಿಯಿತು. ಚಹಾದ ಸ್ಟಾಲು, ಬಣ್ಣದ ದೀಪದ ತೂಕದ ಯಂತ್ರ, ಸೇತುವೆಯ ಮೆಟ್ಟಿಲು, ಕೊನೆಗೆ ಇಡೀ ಡೊಂಬಿವಲಿ. ನನ್ನ ಬಾಯಿ ಒಣಗಿತು. ಬಾಯಿ ಒಣಗುವುದು ನನ್ನ ಮಟ್ಟಿಗೆ ಅಪರೂಪದ ಸಂಗತಿ. ಮನೆಯವರನ್ನು ಬೇಕಾದರೆ ಕೇಳಿ.

ಇದೇ ಸೀಟಿನಲ್ಲಿ, ಹೀಗೇ ಕಲ್ಯಾಣಕ್ಕೆ ಬೆನ್ನು ಹಾಕಿ ಕೂತಿದ್ದ ಕಸ್ತೂರಿಯನ್ನು ನಾಲ್ಕು ವರ್ಷದ ಹಿಂದೆ ಕೊನೆಯ ಸಲ ನೋಡಿದವಳು ನಾನು.

ಕಸ್ತೂರಿ ಯಾರೆಂದು ಹೇಳಬೇಕಾದರೆ ನಿಮ್ಮನ್ನು ಶೇರ್ ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಬೇಕು. ಮೂವರು ಕೂರುವ ರಿಕ್ಷಾದಲ್ಲಿ ಐವರು ಕೂರುತ್ತಾರೆ, ನಾನು ಕಥೆ ಹೇಳುವಾಗ ಏಳು. ಸ್ಟೇಷನ್ನಿನಿಂದ ಅರ್ಧ ಗಂಟೆ ಹೋದರೆ ಕೆಮಿಕಲ್ ಕಂಪನಿಗಳ ವಾಸನೆ ಮುಗಿದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನ ವಾಸನೆ ಶುರುವಾಗುತ್ತದೆ. ಅಲ್ಲೊಂದು ಹಳ್ಳಿ. ಭತ್ತದ ಗದ್ದೆ, ಎಮ್ಮೆ, ಒಂದು ಗುಡಿ, ಮತ್ತು ಗದ್ದೆಯ ನಡುವೆಯೇ ಇಪ್ಪತ್ತೆರಡು ಮಹಡಿಯ ಕಟ್ಟಡದ ಚಿತ್ರವಿರುವ ಬಿಲ್ಡರನ ಬೋರ್ಡು. ಆ ಬೋರ್ಡಿನ ನೆರಳಲ್ಲಿ ಎಮ್ಮೆಗಳು ಮಲಗುತ್ತಿದ್ದವು. ಹಳ್ಳಿಯ ದಾರಿಗಳು ಕೂಡುವ ನಾಕಾದಲ್ಲಿ ತಗಡಿನ ಮಾಡಿನ ಕೆಳಗೆ ನನ್ನ ಅಪ್ಪನ ಹೋಟೆಲು. ಅಪ್ಪ ಉಡುಪಿ ಕಡೆಯವರು, ಇಡ್ಲಿಯ ಬಗ್ಗೆ ಬಹಳ ಕಟ್ಟುನಿಟ್ಟು. ಆದರೆ ಊರಿನವರು ಸಾಂಬಾರಿಗೆ ಫರಸಾಣದ ಖಾರಾ ಸೇವು ಸುರಿದುಕೊಂಡು, ಇಡ್ಲಿಯನ್ನು ಪಾವ್ ಬ್ರೆಡ್ಡಿನ ಹಾಗೆ ಅದ್ದಿ ತಿನ್ನುತ್ತಿದ್ದರು. ಅಪ್ಪ ಆಗ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು.

ಹಳ್ಳಿಯ ಆಚೆ ತುದಿಯಲ್ಲಿ, ಗದ್ದೆ ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆಯುವ ವಿಜಾಪುರದ ಕಡೆಯ ಏಳೆಂಟು ಮನೆಗಳಿದ್ದವು. ಅವುಗಳಲ್ಲಿ ನೀಲವ್ವನದು ಒಂದು. ಹೋಟೆಲಿಗೆ ದಿನಾ ಬೆಳಿಗ್ಗೆ ಕೊತ್ತಂಬರಿ, ಮೆಂತ್ಯ, ಪಾಲಕ್ ತಂದುಹಾಕುವವಳು ಅವಳೇ. ಅವಳ ಮಗಳು ಕಸ್ತೂರಿ. ಆಗ ಅವಳಿಗೆ ಹದಿನಾರು, ನನಗೆ ಹದಿಮೂರು. ಮರಾಠಿ ಶಾಲೆಯಲ್ಲಿ ಹತ್ತನೆಯದು ಪಾಸಾಗಿ ಮನೆಯಲ್ಲಿದ್ದಳು, ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಗೋಣಿತಾಟು ಹಾಸಿ ಸೊಪ್ಪು ಮಾರುತ್ತಿದ್ದಳು. ಗಾಡಿ ಇಳಿದು ಬರುವ ಹೆಂಗಸರೆಲ್ಲ ಅವಳ ಗಿರಾಕಿಗಳು. ಕಣ್ಣು ಮುಚ್ಚಿಕೊಂಡು ಹತ್ತು ಕಟ್ಟು ಮೆಂತ್ಯ ಕಟ್ಟಿದರೆ ಹತ್ತೂ ಒಂದೇ ಅಳತೆ. ಗಿರಾಕಿಗಳ ಜೊತೆ ಮರಾಠಿ, ರಿಕ್ಷಾದವರ ಜೊತೆ ಹಿಂದಿ, ಅಮ್ಮನ ಜೊತೆ ವಿಜಾಪುರದ ಕನ್ನಡ. ನನ್ನ ಅಪ್ಪನ ಎದುರು ಮಾತ್ರ ಎರಡು ಕೈ ಮುಗಿದು "ಎಂಚ ಉಲ್ಲರ್ ಅಣ್ಣಾರ?" ಎಂದು ತುಳುವಿನಲ್ಲಿ ಕ್ಷೇಮ ವಿಚಾರಿಸುತ್ತಿದ್ದಳು. ತುಳು ಕೇಳಿದರೆ ಅಪ್ಪ ಕರಗುತ್ತಾರೆ. ಅವಳಿಗೆ ಒಂದು ವಡೆ ಗ್ಯಾರಂಟಿ.

ನನ್ನನ್ನು ಅವಳು ಶೇಠಾಣಿ ಎನ್ನುತ್ತಿದ್ದಳು, ಹೋಟೆಲ್ ಮಾಲಕರ ಮಗಳೆಂದು. ರಜೆಯ ದಿನ ನಾನು ಹೋಟೆಲಿಗೆ ಬಂದಾಗ ಇಬ್ಬರೂ ಹಿಂದಿನ ಕಟ್ಟೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಅಂದರೆ ಅವಳು ಬಿಡಿಸುತ್ತಿದ್ದಳು, ನಾನು ಹೇಳುತ್ತಿದ್ದೆ. ನಮ್ಮ ಬಿಲ್ಡಿಂಗಿನ ನೀರಿನ ಟಾಂಕಿಯಲ್ಲಿ ಹಾವು ಬಂದದ್ದನ್ನು ಒಂದು ಭಾನುವಾರ ಹೇಳಿದೆ, ಮುಂದಿನ ಭಾನುವಾರ ಮತ್ತೆ ಹೇಳಿದೆ.

"ಏ ಶೇಠಾಣಿ," ಎಂದಳು ಕಸ್ತೂರಿ, ಕೈ ನಿಲ್ಲಿಸದೆ, "ಹೋದ ಆಯ್ತವಾರ ನಿನ್ನ ಹಾವು ಮೊಳ ಇತ್ತು. ಇವತ್ತ ಒಂದು ಮಾರು ಆಗೇತಿ. ಏನ್ ತಿನ್ನಸಾಕತ್ತೀದಿ ಅದಕ್ಕ?"

ನನಗೆ ಅವಮಾನವಾಗಲಿಲ್ಲ. ನನ್ನ ಹಾವುಗಳ ಉದ್ದವನ್ನು ಇಷ್ಟು ಗಮನವಿಟ್ಟು ನೆನಪಿಟ್ಟುಕೊಂಡವರು ಬೇರೆ ಯಾರೂ ಇರಲಿಲ್ಲ.

ಚಳಿ ಶುರುವಾಗಿದ್ದ ಒಂದು ಶನಿವಾರ ಬೆಳಿಗ್ಗೆ. ನನ್ನ ಮನೆ ಡೊಂಬಿವಲಿಯ ಪಶ್ಚಿಮದಲ್ಲಿ, ಶಾಲೆ ಪೂರ್ವದಲ್ಲಿ. ಸ್ಟೇಷನ್ನಿನ ಸೇತುವೆ ದಾಟಿ ಹೋಗಬೇಕು. ನಾನು ನೇರ ದಾಟುವ ಬದಲು ದಿನಾ ಪ್ಲಾಟ್‌ಫಾರ್ಮಿಗೆ ಇಳಿದು, ತೂಕದ ಯಂತ್ರದ ದೀಪಗಳನ್ನು ಒಂದು ನಿಮಿಷ ನೋಡಿ, ಮತ್ತೆ ಹತ್ತುತ್ತಿದ್ದೆ. ಆವತ್ತೂ ಹಾಗೇ ಇಳಿದಾಗ ಕಲ್ಯಾಣದ ಗಾಡಿ ನಿಂತಿತ್ತು. ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕಸ್ತೂರಿ. ನಾನು ಓಡಿದೆ. ಕಿಟಕಿ ಮುಟ್ಟುವಷ್ಟರಲ್ಲಿ ಗಾಡಿ ಬಿಟ್ಟಿತು. ಪೂರ್ತಿ ಘಟನೆ ಅರ್ಧ ಲೋಟ ನೀರು ಕುಡಿಯುವಷ್ಟು ಹೊತ್ತಿನದು. ಅದರಿಂದ ನಾನು ನಾಲ್ಕು ವರ್ಷ ಓಡಿದ ನಾಟಕ ತೆಗೆದೆ.

ಆ ಸಂಜೆ ಗೋಣಿತಾಟಿನ ಮೇಲೆ ಕಸ್ತೂರಿ ಕೂರಲಿಲ್ಲ. ಮನೆಗೂ ಬರಲಿಲ್ಲ. ಮರುದಿನ ಭಾನುವಾರ ಬೆಳಿಗ್ಗೆ ನೀಲವ್ವ ಹೋಟೆಲಿಗೆ ಬಂದಳು, ಸೊಪ್ಪಿಲ್ಲದೆ, ಬರಿಗೈಯಲ್ಲಿ. ಅವಳು ಬರಿಗೈಯಲ್ಲಿ ಬಂದದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

"ಅಣ್ಣಾರ, ನಮ್ಮ ಕಸ್ತೂರಿ ಏನರೆ ಇಲ್ಲಿ ಬಂದಿದ್ಲೇನ್ರಿ ನಿನ್ನೆ?"

ಅಪ್ಪ ಇಲ್ಲ ಎಂದರು. ಹೋಟೆಲಿನಲ್ಲಿ ಮಿಸಳ್ ತಿನ್ನುತ್ತಿದ್ದ ಇಪ್ಪತ್ತು ಜನರಿದ್ದರು. ಸರಿ, ಹನ್ನೊಂದು ಜನ. ನಾನು ಕ್ಯಾಶ್ ಕೌಂಟರಿನ ಹಿಂದಿನಿಂದ ಎದ್ದು ನಿಂತು, "ನಾನು ನೋಡಿದೆ. ಕಲ್ಯಾಣದ ಗಾಡಿಯಲ್ಲಿ," ಎಂದೆ.

ಹನ್ನೊಂದು ಚಮಚ ಒಟ್ಟಿಗೆ ನಿಂತವು. ಆ ನಿಶ್ಶಬ್ದದ ರುಚಿ ನಿಮಗೆ ಹೇಗೆ ಹೇಳಲಿ? ಶಾಲೆಯಲ್ಲಿ ಕೊನೆಯ ಬೆಂಚಿನವಳು ನಾನು, ಮನೆಯಲ್ಲಿ ಬಾಯಿ ಮುಚ್ಚು ಎನಿಸಿಕೊಳ್ಳುವವಳು. ಇಲ್ಲಿ ದೊಡ್ಡ ದೊಡ್ಡ ಮೀಸೆಯವರು ಬಾಯಿಗೆ ಹೋಗಬೇಕಾದ ತುತ್ತನ್ನು ತಡೆದು ನನ್ನ ಮುಖ ನೋಡುತ್ತಿದ್ದಾರೆ.

ಯಾರೋ ಕೇಳಿದರು, ಅಳುತ್ತಿದ್ದಳಾ? ಹೌದು, ಎಂದೆ. ಕೈಯಲ್ಲಿ ಸಾಮಾನಿತ್ತಾ? ಇಷ್ಟು ದೊಡ್ಡ ಸೂಟ್‌ಕೇಸು, ಎಂದು ಕೈ ಅಗಲಿಸಿದೆ. ನಿನ್ನನ್ನು ನೋಡಿದಳಾ? ನೋಡಿದಳು, ಕಿಟಕಿಯಿಂದ ಕೈ ಚಾಚಿದಳು, ಕಾಪಾಡು ಎನ್ನುವ ಹಾಗೆ. ಗಾಡಿ ಹೋಗುವವರೆಗೂ ಊರಿನ ಕಡೆಗೇ ತಿರುಗಿ ನೋಡುತ್ತಿದ್ದಳು. ಒಬ್ಬಳೇ ಇದ್ದಳಾ? ನಾನು ಒಂದು ಕ್ಷಣ ತಡೆದೆ. ಎಲ್ಲರೂ ಮುಂದಕ್ಕೆ ಬಾಗಿದ್ದರು. ಯಾರನ್ನೂ ನಿರಾಸೆ ಮಾಡುವ ಸ್ವಭಾವ ನನ್ನದಲ್ಲ. ಪಕ್ಕದಲ್ಲಿ ಒಬ್ಬ ಗಂಡಸಿದ್ದ, ಎಂದೆ. ಮೀಸೆ? ಇತ್ತು.

ಅದೇ ಮಾತನ್ನು ಪೊಲೀಸ್ ಚೌಕಿಯಲ್ಲೂ ಹೇಳಬೇಕಾಯಿತು. ಅಪ್ಪ ಪಕ್ಕದಲ್ಲಿ ಕೂತಿದ್ದರು. ಬರೆದುಕೊಳ್ಳುತ್ತಿದ್ದವರು ಒಬ್ಬ ಹೆಂಗಸು. ಮೀಸೆಯ ಜಾಗಕ್ಕೆ ಬಂದಾಗ ಪೆನ್ನು ನಿಲ್ಲಿಸಿ, "ಲೇಡೀಸ್ ಡಬ್ಬ್ಯಾತ್ ಪುರುಷ್?" ಎಂದು ಹುಬ್ಬೇರಿಸಿದರು. ಹೆಂಗಸರ ಡಬ್ಬಿಯಲ್ಲಿ ಗಂಡಸು ಹೇಗೆ ಬಂದ? ಒಳ್ಳೆಯ ಪ್ರಶ್ನೆ. ಅಲ್ಲಿಗೆ ನಿಂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಕಣ್ಣು ಮಿಟುಕಿಸದೆ, ಅವನು ಪಕ್ಕದ ಡಬ್ಬಿಯಲ್ಲಿದ್ದ, ನಡುವಿನ ಜಾಲರಿಯಿಂದ ಇವಳನ್ನೇ ನೋಡುತ್ತಿದ್ದ ಎಂದೆ. ಅವರು ಮೆಚ್ಚುಗೆಯಿಂದ ಬರೆದುಕೊಂಡರು. ಎಷ್ಟು ಚುರುಕಾದ ಹುಡುಗಿ ಎಂದು ಅಪ್ಪನಿಗೆ ಹೇಳಿದರು. ಅಪ್ಪನಿಗೂ ಆವತ್ತು ಸ್ವಲ್ಪ ಹೆಮ್ಮೆಯೇ ಆಗಿತ್ತು.

ಹದಿನಾರರ ಹುಡುಗಿ, ಸೂಟ್‌ಕೇಸು, ಮೀಸೆಯ ಗಂಡಸು. ಇನ್ನೇನು ಬೇಕು? ಓಡಿಹೋಗಿದ್ದಾಳೆ ಎಂದು ಹಳ್ಳಿ ತೀರ್ಮಾನಿಸಿತು. ಕಲ್ಯಾಣದಾಚೆ ಲೈನು ಎರಡಾಗುವಲ್ಲಿ ಕರ್ಜತ್ ಕಡೆಗೋ ಕಸಾರಾ ಕಡೆಗೋ ಹೋಗಿ ಸಂಸಾರ ಮಾಡುತ್ತಿರುತ್ತಾಳೆ, ನಾಲ್ಕು ದಿನವಾದ ಮೇಲೆ ತಾನೇ ಬರುತ್ತಾಳೆ ಎಂದು ಚೌಕಿಯವರೂ ಅಂದರು. ಕಾಗದ ಕಪಾಟಿಗೆ ಹೋಯಿತು. ಕಸ್ತೂರಿಯ ಅಪ್ಪ ಗೋಡೆಯ ಮೇಲಿದ್ದ ಅವಳ ಶಾಲೆಯ ಫೋಟೋ ತೆಗೆದು, ಆ ಹೆಸರು ಈ ಮನೆಯಲ್ಲಿ ಇನ್ನು ಬೇಡ ಎಂದರಂತೆ.

ನೀಲವ್ವ ಮಾತ್ರ ಆ ಫೋಟೋ ಎತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸೋಮವಾರ ವ್ಯಾಪಾರ ಕಡಿಮೆ. ಪ್ರತಿ ಸೋಮವಾರ ಹೋಟೆಲಿಗೆ ಸೊಪ್ಪು ಹಾಕಿ, ಹೊರಗೆ ನಿಂತು ಒಂದು ಚಹಾ ಕುಡಿದು, ಕಲ್ಯಾಣದಾಚೆಯ ಒಂದು ಸ್ಟೇಷನ್ನಿಗೆ ಹೋಗುತ್ತಾಳೆ. ಒಂದು ವಾರಕ್ಕೆ ಒಂದು ಸ್ಟೇಷನ್ನು. ಓದಲು ಬಾರದು. ಎಷ್ಟನೆಯದೆಂದು ಬೆರಳಲ್ಲಿ ಎಣಿಸಿ ಇಳಿಯುತ್ತಾಳೆ. ಚಹಾದವನು, ಹೂವಿನವಳು, ರಿಕ್ಷಾದವರು, ಎಲ್ಲರಿಗೂ ಫೋಟೋ ತೋರಿಸಿ ಸಂಜೆಗೆ ವಾಪಸು. ಒಂದು ಲೈನು ಮುಗಿದರೆ ಇನ್ನೊಂದು, ಅದೂ ಮುಗಿದರೆ ಮತ್ತೆ ಮೊದಲಿನದು. ನಾಲ್ಕು ವರ್ಷದಲ್ಲಿ ಅವಳು ಎಷ್ಟು ಸೋಮವಾರ ತಪ್ಪಿಸಿದ್ದಾಳೆಂದು ಕೇಳಿದರೆ, ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ, ಒಂದು. ಆವತ್ತು ಮಳೆಗೆ ಗಾಡಿಗಳೇ ಓಡಿರಲಿಲ್ಲ.

"ಈ ಸಲ ಆಸನಗಾಂವ ನೋಡಿ ಬಂದೆ ಅಣ್ಣಾರ," ಎನ್ನುತ್ತಿದ್ದಳು ಮರುದಿನ ಅಪ್ಪನಿಗೆ. "ಅಲ್ಲೊಬ್ಬಾಕಿ ಥೇಟ್ ನಮ್ಮ ಕಸ್ತೂರಿ ನಡಿಗಿ ನೋಡ್ರಿ. ಓಡಿ ಹೋಗಿ ಮುಂದ ನಿಂತೆ. ಅಕಿ ಅಲ್ಲ. ಪಾಪ, ಆ ಹುಡುಗಿ ಅಂಜಿ ಬಿಟ್ಲು."

ರಜೆಗೆಂದು ನಾನೂ ಅಲ್ಲಿದ್ದರೆ ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು. "ಶಾಣ್ಯಾ ಹುಡುಗಿ, ಇನ್ನೊಮ್ಮೆ ಹೇಳವ್ವಾ. ಆ ಗಂಡಸ ಹೆಂಗಿದ್ದ?"

ನಾನು ಇನ್ನೊಮ್ಮೆ ಹೇಳುತ್ತಿದ್ದೆ. ಹೇಳಿದ್ದನ್ನೇ ಹೇಳಲು ನನಗೆ ಬರುವುದಿಲ್ಲ, ಅದು ನನ್ನ ಕಷ್ಟ. ಒಂದು ಸಲ ಬಾಯಿ ತಪ್ಪಿ, ಅಂದರೆ ಬಾಯಿ ತಪ್ಪದೆ, ಅವನ ಕೆನ್ನೆಯ ಮೇಲೊಂದು ಗಾಯದ ಗುರುತಿತ್ತು ಎಂದುಬಿಟ್ಟೆ. ನೀಲವ್ವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಹಿಡಿಯಲು ಒಂದು ಗುರುತು ಸಿಕ್ಕಿತಲ್ಲ! ಆರು ತಿಂಗಳು ಅವಳು ಸ್ಟೇಷನ್ನು ಸ್ಟೇಷನ್ನಿನಲ್ಲಿ ಗಂಡಸರ ಕೆನ್ನೆ ನೋಡಿಕೊಂಡು ತಿರುಗಿದಳು. ಬದಲಾಪುರದಲ್ಲಿ ಒಬ್ಬನ ಹೆಂಡತಿಯ ಕೈಯಲ್ಲಿ ಬೈಸಿಕೊಂಡಳು. ಅದನ್ನು ನಗುನಗುತ್ತಾ ಹೇಳಿದಳು, ಅಪ್ಪ ನಕ್ಕರು, ನಾನೂ ನಕ್ಕೆ. ಗಾಯವನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಅದರ ಜೊತೆ ಮೀಸೆ ಬರುತ್ತದೆ, ಮೀಸೆಯ ಜೊತೆ ಗಂಡಸು, ಗಂಡಸಿನ ಜೊತೆ ಸೂಟ್‌ಕೇಸು. ಎಲ್ಲ ಎಳೆದರೆ ಕೊನೆಗೆ ನಾನೇ ಹೊರಗೆ ಬರುತ್ತೇನೆ. ಹಾಗಾಗಿ ಎಳೆಯಲಿಲ್ಲ. ಒಂದನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದೆ: ಉಳಿದದ್ದೆಲ್ಲ ಹೋಗಲಿ, ಕಲ್ಯಾಣದ ಗಾಡಿ ನಿಜ, ಊರಿನ ಕಡೆಗೆ ಮುಖ ಮಾಡಿ ಕೂತದ್ದು ನಿಜ. ದಿಕ್ಕಾದರೂ ಸರಿಯಾಗಿ ಹೇಳಿದ್ದೇನೆ.

ಹೋದ ಮಂಗಳವಾರ ಅದೂ ಹೋಯಿತು.

"ಆಂಟಿ," ಎಂದೆ ಶೈಲಾ ಆಂಟಿಗೆ. ಗಾಡಿ ಠಾಕುರ್ಲಿ ದಾಟುತ್ತಿತ್ತು. "ಈ ಗಾಡಿಯಲ್ಲಿ ಕಲ್ಯಾಣದಲ್ಲಿ ಇಳಿಯುವವರೂ ಹೀಗೆ ಬೆನ್ನು ಹಾಕಿ ಕೂರ್ತಾರಾ?"

"ಯಾಕೆ ಕೂರ್ತಾರೆ? ಡಬ್ಬಾ ಖಾಲಿ ಇದೆ. ಎದುರಿಗೇ ಗಾಳಿ ಬರೋ ಸೀಟು ಇದೆ. ಅದನ್ನು ಬಿಟ್ಟು ಇಲ್ಲಿ ಕೂರೋಕೆ ತಲೆ ಕೆಟ್ಟಿದೆಯಾ? ವಾಪಸ್ ಮುಂಬಯಿ ಕಡೆ ಹೋಗೋರೇ ಕೂರೋದು."

"ಮೊದಲ ಸಲ ಬಂದವರಿಗೆ ಇದು ಗೊತ್ತಾಗ್ತದಾ?"

"ನಿನಗೆ ಗೊತ್ತಾಯ್ತಾ? ನನಗೇ ಎರಡು ಮೂರು ತಿಂಗಳು ಬೇಕಾಯ್ತು. ದಿನಾ ಮಾಡಿ ಮಾಡಿ ಬರೋ ಬುದ್ಧಿ ಇದು. ಯಾಕೆ, ಏನಾಯ್ತು? ಮುಖ ಯಾಕೆ ಹಂಗೆ ಮಾಡಿದೀ? ವಾಂತಿ ಬರ್ತದಾ?"

ಕಸ್ತೂರಿ ಊರನ್ನು ತಿರುಗಿ ತಿರುಗಿ ನೋಡುತ್ತಿರಲಿಲ್ಲ. ಹವಾ ಕಡೆಯ ಕಿಟಕಿ ಹಿಡಿದು ಕೂತಿದ್ದಳು. ಕಲ್ಯಾಣಕ್ಕೆ ಹೋಗುತ್ತಲೇ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅದೇ ಡೊಂಬಿವಲಿಯನ್ನು ದಾಟಿ, ನಾನು ಶಾಲೆಯಲ್ಲಿ ಕೂತಿದ್ದಾಗ, ಠಾಣೆಯ ಕಡೆಗೆ, ಮುಂಬಯಿಯ ಕಡೆಗೆ ಹೋಗಿದ್ದಳು. ಮೊದಲ ಸಲವೂ ಅಲ್ಲ. ಅದಕ್ಕೂ ಮುಂಚೆ ಎಷ್ಟೋ ಸಲ ಹೋಗಿದ್ದವಳಿಗೆ ಮಾತ್ರ ತಿಳಿಯುವ ಜಾಗದಲ್ಲಿ ಕೂತಿದ್ದಳು. ಎಲ್ಲಿಗೆ, ಯಾರ ಹತ್ತಿರ, ಏತಕ್ಕೆ, ಯಾರೂ ಕೇಳಲೇ ಇಲ್ಲ. ಕೇಳಬೇಕಾದವರಿಗೆಲ್ಲ ನಾನು ಮೀಸೆ ತೋರಿಸಿದ್ದೆ. ಗದ್ದೆಯಲ್ಲಿ ಸೊಪ್ಪು ಬೆಳೆಯುವ ಆ ಹಳ್ಳಿಯವರಿಗೆ ಈ ಉಲ್ಟಾ ಗಾಡಿಯ ಸಂಗತಿ ತಿಳಿದಿರಲಿಲ್ಲ ಸರಿ. ಸ್ಟೇಷನ್ನಿನ ಮಗ್ಗುಲಲ್ಲೇ ಹುಟ್ಟಿ ಬೆಳೆದ ನನಗ್ಯಾಕೆ ತಿಳಿಯಲಿಲ್ಲ?

ಆವತ್ತು ನಾನು ಠಾಣೆಯಲ್ಲಿ ಇಳಿಯಲಿಲ್ಲ. ಇಳಿಯಲು ಆಗಲಿಲ್ಲ ಎನ್ನಿ, ಎದ್ದು ನಿಲ್ಲಲು ಮರೆತಿದ್ದೆ. ಗಾಡಿ ಎಲ್ಲಿಗೆ ಮುಗಿಯುತ್ತದೋ ಅಲ್ಲಿಯವರೆಗೂ ಹೋದೆ. ಕಿಟಕಿಯಾಚೆ ಒಂದೊಂದೇ ಸ್ಟೇಷನ್ನು ಬಂತು. ಇವುಗಳಲ್ಲಿ ಒಂದರಲ್ಲೂ ನೀಲವ್ವ ಇಳಿದಿಲ್ಲ.

ಹೇಳಬೇಕು ಎಂದು ಅಲ್ಲೇ ನಿರ್ಧರಿಸಿದೆ. ಮುಂದಿನ ಸೋಮವಾರ ಅವಳು ಗಾಡಿ ಹತ್ತುವ ಮುಂಚೆ. ಮರುದಿನ ರಾತ್ರಿ ಮನೆಯಲ್ಲಿ ಮೊದಲು ಅಪ್ಪನಿಗೆ ಹೇಳಿದೆ. ಅವರು ಚಾದರ ಮಡಚುತ್ತಿದ್ದವರು ಹಾಗೇ ನಿಂತರು.

"ಅಂದ್ರೆ ಆ ಗಂಡಸು ಲೊಟ್ಟೆಯಾ?"

"ಲೊಟ್ಟೆ."

"ಚೌಕಿಯಲ್ಲಿ ನನ್ನ ಬಗಲಲ್ಲೇ ಕೂತು ಹೇಳಿದ್ಯಲ್ಲ ಮಾರಾಯ್ತಿ!"

"ಹೌದು."

ಅವರು ಚಾದರ ಬಿಟ್ಟು ಮಂಚದ ತುದಿಯಲ್ಲಿ ಕೂತರು. "ಈಗ ಹೇಳಿ ಎಂತ ಮಾಡ್ತಿ? ನಾಲ್ಕು ವರ್ಷ ಆಯ್ತು. ಚೌಕಿಯವರು ನಾಳೆ ನಮ್ಮನ್ನೇ ಕೇಳ್ತಾರೆ. ಆ ಊರಲ್ಲಿ ನಾವು ಹೋಟೆಲು ಮಾಡುದು ಬೇಡ್ವಾ? ಅವಳೂ ಹೇಗೋ ಸಮಾಧಾನ ಮಾಡಿಕೊಂಡು ಉಂಟು. ಮಗಳು ಎಲ್ಲೋ ಒಂದು ಕಡೆ ಗಂಡನ ಒಟ್ಟಿಗೆ ಸುಖವಾಗಿದ್ದಾಳೆ ಅಂತ."

"ಸಮಾಧಾನ ಆದವರು ಸೋಮವಾರ ಸೋಮವಾರ ಕರ್ಜತಿಗೆ ಹೋಗ್ತಾರಾ ಅಪ್ಪ?"

ಅಪ್ಪ ಬಿಟ್ಟ ಚಾದರವನ್ನು ಎತ್ತಿ ಮತ್ತೆ ಮಡಚತೊಡಗಿದರು. ನಾಲ್ಕು ದಿನ ನನ್ನ ಜೊತೆ ಮಾತೂ ಆಡಲಿಲ್ಲ. ಅಮ್ಮ ಕೇಳಿದರೆ ಹೊಟ್ಟೆನೋವು ಎಂದರು. ನನ್ನ ಹಠ ಇಳಿಯಲಿಲ್ಲ.

ನಿನ್ನೆ ಸೋಮವಾರ, ಕಾಲೇಜಿಗೆ ಚಕ್ಕರ್ ಹಾಕಿ ಬೆಳಿಗ್ಗೆ ಆರೂವರೆಗೆ ಹೋಟೆಲಿಗೆ ಹೋದೆ. ನಾಲ್ಕು ದಿನದಲ್ಲಿ ಹೇಳುವುದನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಮೊದಲು ನನ್ನ ಎಳೆಯ ವಯಸ್ಸಿನ ವರ್ಣನೆ, ಆಮೇಲೆ ಆ ಹನ್ನೊಂದು ಚಮಚಗಳು, ಅಲ್ಲಿ ಒಂದು ಸಲ ಗಂಟಲು ಕಟ್ಟುವುದು. ಆಮೇಲೆ ಶೈಲಾ ಆಂಟಿ, ಅಲ್ಲಿ ಸ್ವಲ್ಪ ನಗು. ಕೊನೆಯಲ್ಲಿ ಕಾಲಿಗೆ ಬೀಳುವುದು. ಒಟ್ಟು ಇಪ್ಪತ್ತು ನಿಮಿಷ. ಯಾರೂ ಇಲ್ಲದ ಟೇಬಲ್ಲುಗಳ ಮುಂದೆ ನಿಂತು ಕೈಕರಣದ ಜೊತೆ ಒಂದು ಸಲ ಒಪ್ಪಿಸಿ ನೋಡುತ್ತಿದ್ದೆ. ಅಪ್ಪ ಇಡ್ಲಿ ಹಂಡೆಯ ಹಬೆಯ ಹಿಂದೆ ಇದ್ದೂ ಇಲ್ಲದವರ ಹಾಗಿದ್ದರು.

ನೀಲವ್ವ ಒಳಗೆ ಬಂದಳು. ಯಾವತ್ತೂ ಹೊರಗೇ ನಿಲ್ಲುವವಳು ಒಳಗೇ ಬಂದಳು.

"ಯಾರ ಜೋಡಿ ಮಾತಾಡಾಕತ್ತೀದಿ ಒಬ್ಬಾಕಿನ?"

"ನೀಲವ್ವಾ, ನಿನಗೊಂದು ಹೇಳುವುದಿತ್ತು. ಆಗ ನಾನು ಬಹಳ ಚಿಕ್ಕವಳು. ಮನುಷ್ಯರ ಮನಸ್ಸು ಹೇಗಿರ್ತದೆ ಅಂದ್ರೆ..."

"ಏಳು ಇಪ್ಪತ್ತರ ಗಾಡಿ ಐತಿ ನಂದು. ಸಣ್ಣದ ಮಾಡಿ ಹೇಳು."

ಇಪ್ಪತ್ತು ನಿಮಿಷದ್ದೆಲ್ಲ ಎಲ್ಲಿ ಹೋಯಿತೋ. "ಆ ಗಂಡಸು ಇರಲಿಲ್ಲ," ಎಂದೆ.

ಅವಳು ಅರ್ಥವಾಗದೆ ನೋಡಿದಳು. "ಯಾವ ಗಂಡಸ?"

"ಮೀಸೆಯವನು. ನಾನು ಸೇರಿಸಿದ್ದು."

"ಗಲ್ಲದ ಮ್ಯಾಲಿನ ಗಾಯ?"

"ಅದೂ ಸುಳ್ಳು."

"ಸೂಟ್‌ಕೇಸ?"

"ಇರಲಿಲ್ಲ. ಹೆಗಲಿಗೆ ಸಣ್ಣ ಚೀಲ."

ನೀಲವ್ವ ಬುಟ್ಟಿಯನ್ನು ನೆಲಕ್ಕಿಟ್ಟಳು. ಇಟ್ಟು, ಬೆಂಚಿನ ಮೇಲೆ ಕೂತಳು. "ಕೈ ಚಾಚಿದ್ಲಂದಿ. ಕಾಪಾಡು ಅಂದಂಗ."

"ಪೇರಲೆ ಹಣ್ಣು ಕೊಡಲಿಕ್ಕೆ ಚಾಚಿದಳು. ಅರ್ಧ ತಿಂದಿದ್ದಳು, ಉಳಿದರ್ಧ ನನಗೆ ಅಂತ. ನಾನು ಓಡಿದೆ, ಸಿಗಲಿಲ್ಲ. ಗಾಡಿ ಬಿಟ್ಟಿತು."

"ಅಳ್ತಿದ್ದಿಲ್ಲ ಅಕಿ?"

"ಇಲ್ಲ. ನಗ್ತಾ ಇದ್ದಳು. ನಾನು ಓಡಿದ್ದು ನೋಡಿ."

ನಾನು ಸೀಟಿನ ವಿಷಯ ಹೇಳಿದೆ, ಗಾಡಿ ತಿರುಗುವ ವಿಷಯ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಎರಡೂ ಸಲ ಒಂದೇ ಥರ ಹೇಳಿದೆ. ನೀಲವ್ವ ಬೆರಳು ಮಡಚುತ್ತಾ ಕೇಳಿಸಿಕೊಂಡಳು. ಅವಳು ನನ್ನನ್ನು ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಶನಿವಾರ ಶನಿವಾರ," ಎಂದಳು ಕೊನೆಗೆ, ನನಗಲ್ಲ, ಟೇಬಲ್ಲಿಗೆ. "ಶನಿವಾರ ಬೀಜ ತರ್ತೀನಿ ಅಂತ ಮುಂಜಾನೆ ಹೋಗಿ ಮಧ್ಯಾಹ್ನಕ್ಕ ಬರ್ತಿದ್ಲು. ಬೀಜಕ್ಕ ಅಷ್ಟು ಹೊತ್ತು ಯಾಕ ಅಂತ ನಾ ಒಂದಿನಾ ಕೇಳಲಿಲ್ಲ." ಆಮೇಲೆ ಎದ್ದು ನಿಂತಳು. "ಹುಡುಗಿನ್ನ ಕಳಸ್ರಿ ಅಣ್ಣಾರ. ಚೌಕಿಗೆ ಹೋಗಬೇಕು. ಬರಸಿದ್ದೆಲ್ಲಾ ಅಳಸಬೇಕು."

"ನೀಲವ್ವಾ, ಕೂತ್ಕೋ, ಒಂದು ಚಾ..."

"ಚಾ ನಾಳೆ."

ಅಪ್ಪ ಒಲೆ ಆರಿಸಿದರು. ಹೊರಗೆ ಆಗಲೇ ಗಿರಾಕಿಗಳು ಬರತೊಡಗಿದ್ದರು. ಅವರ ಮುಖದ ಮುಂದೆಯೇ ಅರ್ಧ ಶಟರ್ ಎಳೆದು, "ಕಳಿಸುದಲ್ಲ, ನಾನೂ ಬರ್ತೇನೆ. ನನ್ನ ಬಗಲಲ್ಲೇ ಹೇಳಿದ್ದಲ್ವಾ," ಎಂದು ಅಂಗಿ ಹಾಕಿಕೊಂಡರು.

ಚೌಕಿಯಲ್ಲಿ ಆ ಹೆಂಗಸು ಈಗಿಲ್ಲ. ಬೇರೆಯವರೊಬ್ಬರು ಹಳೆಯ ಕಾಗದ ಹುಡುಕಲು ಒಂದು ಗಂಟೆ ತೆಗೆದುಕೊಂಡರು. ಸಿಕ್ಕ ಮೇಲೆ ಪೆನ್ನು ತೆಗೆದು, ಹೇಳು ಎಂದರು. ಕೋಣೆಯಲ್ಲಿ ಏಳು ಜನ ನನ್ನ ಬಾಯಿ ನೋಡುತ್ತಿದ್ದರು. ಏಳೇ, ಎಣಿಸಿದ್ದೇನೆ.

ಕಿಟಕಿ, ಸೀಟು, ಚೀಲ, ಪೇರಲೆ, ನಗು. ಹೇಳಿದೆ. ಗಂಡಸು ಇರಲಿಲ್ಲ, ಹೇಳಿದೆ. ಬರೆದು ಮುಗಿಸಿದ ಅವರು ತಲೆಯೆತ್ತಿ, "ಪುಢೇ?" ಎಂದರು. ಮುಂದೆ?

"ಮುಂದೆ ನನಗೆ ಗೊತ್ತಿಲ್ಲ," ಎಂದೆ.

ಬರೆದದ್ದನ್ನು ಓದಿ ಹೇಳಿ, ಎಂದು ನೀಲವ್ವ ಮರಾಠಿಯಲ್ಲಿ ಕೇಳಿದಳು. ಅವರು ಓದಿದರು. ಜೊತೆಯಲ್ಲಿ ಯಾವ ಗಂಡಸೂ ಇರಲಿಲ್ಲ ಎಂಬ ಸಾಲಿಗೆ ಬಂದಾಗ ಅವಳು ಕೈ ಎತ್ತಿ ತಡೆದು, ಅದನ್ನು ಇನ್ನೊಂದು ಸಲ ಓದಿಸಿದಳು.